ಮಂಗನ ಕಾಯಿಲೆ ಅಂತ ಮೀಮ್ ಹಾಕೋರಿಗೆ

1/4
ಗ್ರೂಪಿನ್ಯಾಗ ಯಾರರ ಕಿತಾಪತಿ ಮಾಡಿದ್ರ "ಇವಂಗ ಮಂಗನ ಕಾಯಿಲೆ" ಅಂತ ಮೀಮ್ ಹಾಕ್ತೀರಲ್ಲ, ಅದು ಖರೇನ ಇರೋ ಜಡ್ಡು. 1957ರಾಗ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಾಗ ಮಂಗ್ಯಾಗಳು ಸತ್ತು ಬೀಳಾಕತ್ತಿದ್ವು, ಸುತ್ತಲಿನ ಹಳ್ಳಿ ಮಂದಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ಎನ್‌ಐವಿ) ಬಂದು ಅದೇ ವರ್ಷ ವೈರಸ್ ಹಿಡಿದ್ರು. ಜಗತ್ತಿಗೇ ಹೊಸದು, ಹೆಸರು ಮಾತ್ರ ನಮ್ಮ ಕನ್ನಡ ನಾಡಿನ ಕಾಡಿಂದು. ಹರಡೋದು ಉಣ್ಣಿ. ಎಮ್ಮಿ ಮೈಮ್ಯಾಲಿಂದ ಕಿತ್ತು ಒಗಿತೀವಲ್ಲ, ಅದರ ಕಾಡಿನ ಬಳಗ. ಮಂಗ್ಯಾ ಪಾಪ, ತಾನೂ ಸಾಯ್ತೈತಿ, ಹೆಸರೂ ಕೆಡಿಸ್ಕೊಂಡೈತಿ.

2/4
ಅಂದ್ರ ಸಂಶೋಧಕರು ವೈರಸ್ ಹುಡುಕೋ ಕೆಲಸ ಜಲ್ದಿನ ಮುಗಿಸಿದ್ರು. ಮುಂದ? ಈ ಜಡ್ಡಿಗೇ ಅಂತ ಪ್ರತ್ಯೇಕ ಔಷಧಿ ಇವತ್ತಿಗೂ ಇಲ್ಲ. ಲಸಿಕೆ ಒಂದಿತ್ತು. ತಿಂಗಳ ಅಂತರದಾಗ ಎರಡು ಡೋಸ್, ಆಮ್ಯಾಲ ಬೂಸ್ಟರ್, ಮತ್ತ ವರ್ಷಾ ವರ್ಷಾ ಬೂಸ್ಟರ್. ಇಷ್ಟು ಚುಚ್ಚಿಸ್ಕೊಂಡ್ರೂ ಪೂರ್ತಿ ಭರವಸೆ ಇಲ್ಲ. 2019ರಾಗ ಸಾಗರ ತಾಲ್ಲೂಕಿನ ಅರಳಗೋಡಿನಾಗ ಮಂದಿ ಸತ್ತ ಮ್ಯಾಲೂ ಅದನ್ನ ನಂಬಿ ಕುಂತ್ವಿ. 2022ರಾಗ ಅದೂ ನಿಂತ್ತು. ಹೊಸದು ಕೈಯಾಗ ಇರಲಿಲ್ಲ, ಹಳೇದು ಬಿಟ್ವಿ!

3/4
ಈಗ ಕೋವಿಡ್ ನೆನಸ್ಕೊಳ್ರಿ. 2020 ಜನವರಿಗೆ ದೇಶದಾಗ ಮೊದಲ ಕೇಸ್, 2021 ಜನವರಿಗೆ ಕೊವ್ಯಾಕ್ಸಿನ್‌ಗೆ ಅನುಮತಿ. ಅದಕ್ಕ ವೈರಸ್ ಬೆಳೆಸಿ ಕೊಟ್ಟಿದ್ದು ಯಾರು? ಅದೇ ಪುಣೆಯ ಎನ್‌ಐವಿ.
"ಅದು ಜಗತ್ತಿಗೆಲ್ಲ ಬಂತು, ಇದು ಮಲೆನಾಡಿನ ನಾಕು ಮಂದಿಗೆ ಬರ್ತೈತಿ" ಅಂತೀರಿ. ನನ್ನ ತಕರಾರು ಇರೋದೇ ಅಲ್ಲಿ. ಫಸ್ಟ್ ಸೆಮ್ ಎಕನಾಮಿಕ್ಸ್ ನೆನಪೈತಾ? ಬೇಕು ಅನ್ನೋದಷ್ಟ ಬೇಡಿಕೆ ಅಲ್ಲ, ಕಿಸೆದಾಗ ರೊಕ್ಕಾನೂ ಇರಬೇಕು. ಕಟ್ಟಿಗಿ, ತರಗೆಲೆ ತರಾಕ ಕಾಡಿಗೆ ಹೋಗೋರ ಕಿಸೆ ನೋಡಿ ಯಾವ ಕಂಪನಿ ತಾನಾಗೇ ಮುಂದ ಬರ್ತೈತಿ? ಮಾರ್ಕೆಟ್ ಮಾಡಲಾರದ್ದನ್ನ ಸರ್ಕಾರ ಮಾಡಬೇಕು ಅಂತ ಪರೀಕ್ಷೆದಾಗ ಬರದು ಮಾರ್ಕ್ಸ್ ತಗೋತೀವಿ, ಇಲ್ಲಿ ಮಾತ್ರ ಬಾಯಿ ಬರಂಗಿಲ್ಲ.

4/4
"ನಮ್ಮ ಗದಗಿನಾಗ ಇಲ್ಲಲ್ಲ ಬಿಡೋ" ಅನ್ನೋರಿಗೆ: ಇದು ಶಿವಮೊಗ್ಗಕ್ಕ ನಿಂತಿಲ್ಲ. ವಯನಾಡು, ಗೋವಾ, ಸಿಂಧುದುರ್ಗ ಮುಟ್ಟೈತಿ. ಹಿರೇಹಂದಿಗೋಳಕ್ಕ ಬರಲಿ ಅಂತ ಕಾಯೋದಾ?
ಐಸಿಎಂಆರ್ ಈಗ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತಿ ಹೊಸ ಲಸಿಕೆ ಮಾಡಾಕತ್ತೈತಿ. ಚಲೋ ಆತು. ಆದ್ರ ಸುದ್ದಿ ಓದಿ ಚಪ್ಪಾಳಿ ಹೊಡದು ಬಿಡಬ್ಯಾಡ್ರಿ. ಚಳಿಗಾಲದಿಂದ ಬ್ಯಾಸಗಿ ತನಕ ಈ ಜ್ವರದ ಸೀಸನ್. ಯಾವ ಬಜೆಟ್ಟಿನಾಗ ಎಷ್ಟು ರೊಕ್ಕ ಇಟ್ಟೀರಿ, ಮಂದಿಗೆ ಪುಕ್ಕಟೆ ಸಿಗ್ತೈತೋ ಇಲ್ಲೋ, ದೀಪಾವಳಿ ಒಳಗ ಸಾಗರ, ತೀರ್ಥಹಳ್ಳಿಯ ಹಳ್ಳಿಗಳಿಗೆ ಮುಟ್ಟತೈತೋ ಇಲ್ಲೋ, ನಿಮ್ಮ ಎಂಎಲ್‌ಎ ಪೇಜಿನ ಕೆಳಗ ಇದನ್ನ ಕೇಳ್ರಿ. ಮೀಮ್ ಆಮ್ಯಾಲ ಹಾಕೀರಂತ.