ಗಾಯದ ಹತ್ತಿಗೆ ನೀರಿನ ಪರೀಕ್ಷೆ ಕಡ್ಡಾಯವಾಗಲಿ

ಹೊಲದಿಂದ ಬಂದ ಹತ್ತಿಯನ್ನು ನೀರಿಗೆ ಹಾಕಿದರೆ ತೇಲುತ್ತದೆ. ಹಾವೇರಿಯದಾಗಲಿ, ರಾಯಚೂರಿನದಾಗಲಿ, ಅದರ ಪ್ರತಿ ಎಳೆಗೂ ಹುಟ್ಟಿನಿಂದಲೇ ಮೇಣದ ತೆಳು ಲೇಪವಿರುತ್ತದೆ. ಗಾಯದ ಮೇಲೆ ಇಡುವ ಹತ್ತಿ ಮಾತ್ರ ನೀರು ತಾಗಿದ ಕೂಡಲೇ ಹೀರಿಕೊಳ್ಳಬೇಕು. ಆ ಗುಣ ಬರುವುದು ಕಾರ್ಖಾನೆಯಲ್ಲಿ. ಕಸಕಡ್ಡಿ ತೆಗೆದ ಹತ್ತಿಯನ್ನು, ಎಷ್ಟೋ ಕಡೆ ನೂಲಿನ ಗಿರಣಿಯಲ್ಲಿ ಬಾಚುವಾಗ ಉಳಿದ ಗಿಡ್ಡ ಎಳೆಗಳನ್ನು, ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಮುಚ್ಚಿದ ಪಾತ್ರೆಯೊಳಗೆ ಒತ್ತಡದಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಮೇಣ ಬಿಡುವುದು ಇಲ್ಲಿಯೇ. ಬಳಿಕ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಿಳಿ ಮಾಡಿ, ಕ್ಷಾರದ ಅಂಶ ಉಳಿಯದಂತೆ ಮತ್ತೆ ಮತ್ತೆ ತೊಳೆದು, ಒಣಗಿಸಿ, ಹಿಂಜಿ ಸುರುಳಿ ಸುತ್ತುತ್ತಾರೆ. ವಿರಳವಾಗಿ ನೇಯ್ದ ಗಾಝ್ ಬಟ್ಟೆಗೂ ಇದೇ ಸಂಸ್ಕಾರ. ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಜೋಸೆಫ್ ಸ್ಯಾಂಪ್ಸನ್ ಗ್ಯಾಮ್ಜಿ 1880ರಲ್ಲಿ ಎರಡು ಪದರ ಗಾಝ್ ನಡುವೆ ಹೀರುವ ಹತ್ತಿಯಿಟ್ಟು ಮಾಡಿದ ಡ್ರೆಸ್ಸಿಂಗ್ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

ಕುದಿಸುವುದಕ್ಕೂ ತೊಳೆಯುವುದಕ್ಕೂ ಇಂಧನ ಬೇಕು, ನೀರು ಬೇಕು, ಹೊರಹೋಗುವ ಕ್ಷಾರದ ನೀರನ್ನು ಶುದ್ಧಗೊಳಿಸುವ ಖರ್ಚೂ ಇದೆ. ದರ ಇಳಿಸಬೇಕಾದ ತಯಾರಕ ಕೈಬಿಗಿ ಹಿಡಿಯುವುದು ಇಲ್ಲೇ, ಏಕೆಂದರೆ ಇಲ್ಲಿಯ ಕೊರತೆ ಕಣ್ಣಿಗೆ ಕಾಣುವುದಿಲ್ಲ. ಅರೆಬರೆ ಕುದಿಸಿದ ಹತ್ತಿಯೂ ಬ್ಲೀಚ್ ಮಾಡಿದರೆ ಬೆಳ್ಳಗಾಗುತ್ತದೆ; ಹೊಳಪಿನ ರಾಸಾಯನಿಕ ಸೇರಿಸಿದರೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಆದ್ದರಿಂದಲೇ ಔಷಧ ಗುಣಮಟ್ಟದ ಗ್ರಂಥಗಳು ಹತ್ತಿಯನ್ನು ಅತಿನೇರಳೆ ದೀಪದಡಿ ನೋಡಿ, ನೀಲಿಯಾಗಿ ಹೊಳೆಯುವ ಎಳೆಗಳು ಅಲ್ಲೊಂದು ಇಲ್ಲೊಂದಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸಲು ಹೇಳುತ್ತವೆ. ಹೀರದ ಹತ್ತಿಯ ಕೆಳಗೆ ರಸಿಕೆ ನಿಲ್ಲುತ್ತದೆ, ಸುತ್ತಲಿನ ಚರ್ಮ ನೆನೆದು ಬಿಳಿಚಿ ಕೊಳೆಯತೊಡಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದು ಸಣ್ಣ ತೊಂದರೆಯಲ್ಲ. ಹಾಗಾಗಿ ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಹತ್ತಿ, ಗಾಝ್‌ಗಳ ಪ್ರತಿ ಬ್ಯಾಚನ್ನೂ ದಾಸ್ತಾನು ಮಳಿಗೆಯ ಬಾಗಿಲಲ್ಲೇ ಹೀರುವ ಗುಣಕ್ಕಾಗಿ ಪರೀಕ್ಷಿಸಿದ ಮೇಲೆಯೇ ಹಣ ಪಾವತಿಸಬೇಕು ಎಂಬುದು ನನ್ನ ವಾದ.

ಪರೀಕ್ಷೆಗೆ ಪ್ರಯೋಗಾಲಯ ಎಲ್ಲಿದೆ, ಅಷ್ಟು ದಿನ ಕಾಯುವವರು ಯಾರು ಎಂದು ಕೇಳುತ್ತಾರೆ. ಯುರೋಪಿಯನ್ ಫಾರ್ಮಕೋಪಿಯಾದ ವಿಧಾನ ನೋಡಿ. ತಾಮ್ರದ ತಂತಿಯ ಸಣ್ಣ ಬುಟ್ಟಿಗೆ 5 ಗ್ರಾಂ ಹತ್ತಿ ತುಂಬಿ, ನೀರಿನ ಮೇಲ್ಮೈಯಿಂದ 10 ಮಿಲಿಮೀಟರ್ ಎತ್ತರದಿಂದ ಅಡ್ಡಲಾಗಿ ಬಿಡುತ್ತಾರೆ. 10 ಸೆಕೆಂಡಿನೊಳಗೆ ಅದು ಮುಳುಗಬೇಕು. ಮೇಲೆತ್ತಿ 30 ಸೆಕೆಂಡು ನೀರು ಸೋರಲು ಬಿಟ್ಟು ತೂಗಿದರೆ, ಗ್ರಾಂ ಹತ್ತಿಗೆ ಕನಿಷ್ಠ 23 ಗ್ರಾಂ ನೀರು ಹಿಡಿದಿರಬೇಕು. ಬೇಕಾದದ್ದು ಬುಟ್ಟಿ, ತಕ್ಕಡಿ, ಗಡಿಯಾರ, ಒಂದು ಗಾಜಿನ ಪಾತ್ರೆ. ತರಬೇತಿ ಪಡೆದ ಫಾರ್ಮಸಿಸ್ಟ್ ಅರ್ಧ ಗಂಟೆಯಲ್ಲಿ ಮುಗಿಸಬಲ್ಲ ಕೆಲಸವಿದು. ಅನುಮಾನ ಬಂದ ಬ್ಯಾಚು ಮಾತ್ರ ದೊಡ್ಡ ಪ್ರಯೋಗಾಲಯಕ್ಕೆ ಹೋಗಲಿ. ಕ್ರಿಮಿಶುದ್ಧ ಎಂಬ ಮುದ್ರೆ ಇದೆಯಲ್ಲ ಎಂದರೆ ಅದು ಬೇರೆಯೇ ವಿಷಯ. ಹಬೆ, ಎಥಿಲೀನ್ ಆಕ್ಸೈಡ್ ಅನಿಲ, ಗಾಮಾ ಕಿರಣ ಇವು ಕ್ರಿಮಿಗಳನ್ನು ಕೊಲ್ಲುತ್ತವೆ, ಉಳಿದುಹೋದ ಮೇಣವನ್ನು ತೆಗೆಯುವುದಿಲ್ಲ.

ಸಣ್ಣ ಉತ್ಪಾದಕರು ಸೋತುಹೋಗುತ್ತಾರೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ತಮಿಳುನಾಡಿನ ರಾಜಪಾಳಯಂ ಬಳಿಯ ಛತ್ರಪಟ್ಟಿಯಲ್ಲಿ ಬ್ಯಾಂಡೇಜ್ ಬಟ್ಟೆ ನೇಯುವುದೇ ಊರಿನ ಕಸುಬು. ಅಂಥ ಮಗ್ಗಗಳು ನಿಲ್ಲಬಾರದು. ಆದರೆ ಹೀರುವ ಗುಣ ತೀರ್ಮಾನವಾಗುವುದು ಮಗ್ಗದಲ್ಲಲ್ಲ, ಬ್ಲೀಚಿಂಗ್ ಘಟಕದಲ್ಲಿ. ಹಲವರು ಸೇರಿ ಬಳಸುವ ಒಳ್ಳೆಯ ಬ್ಲೀಚಿಂಗ್ ಮತ್ತು ನೀರು ಶುದ್ಧೀಕರಣ ಘಟಕಕ್ಕೆ ಸರ್ಕಾರ ನೆರವಾದರೆ ನೇಕಾರನಿಗೆ ಹೊರೆಯಾಗದು. ಈಗಿನ ವ್ಯವಸ್ಥೆಯಲ್ಲಿ ನಿಜಕ್ಕೂ ಸೋಲುತ್ತಿರುವವನು ನಿಯತ್ತಿನಿಂದ ಪೂರ್ತಿ ಕುದಿಸಿ, ಪೂರ್ತಿ ತೊಳೆದು, ಅದರ ಖರ್ಚನ್ನು ದರಕ್ಕೆ ಸೇರಿಸಿ ಟೆಂಡರ್ ಹಾಕುವವನು.

ಇನ್ನು ಕೆಲವರು ಹತ್ತಿಯ ಕಾಲವೇ ಮುಗಿಯಿತು ಎನ್ನುತ್ತಾರೆ. ಗಾಯವನ್ನು ಹದವಾದ ತೇವದಲ್ಲಿಟ್ಟರೆ ಹೊಸ ಚರ್ಮ ಬೇಗ ಹಬ್ಬುತ್ತದೆಂದು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದು ನಿಜ. ಪಾಲಿಯುರೆಥೇನ್ ಫೋಮ್, ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಬಂದದ್ದು ಆ ದಾರಿಯಲ್ಲೇ. ಆಲ್ಜಿನೇಟ್‌ನ ಕ್ಯಾಲ್ಸಿಯಂ ರಸಿಕೆಯ ಸೋಡಿಯಂಗೆ ಜಾಗ ಬಿಟ್ಟುಕೊಟ್ಟು ಎಳೆಗಳು ಜೆಲ್ ಆಗುವ ಬಗೆ ಸೊಗಸಾದದ್ದು. ಒಣ ಗಾಝ್‌ನಂತೆ ಅದು ಗಾಯಕ್ಕೆ ಕಚ್ಚಿಕೊಂಡು ಹೊಸ ಚರ್ಮವನ್ನು ಕಿತ್ತು ತರುವುದಿಲ್ಲ. ದೀರ್ಘಕಾಲದ ಹುಣ್ಣುಗಳಿಗೆ ಇವು ಜಿಲ್ಲಾಸ್ಪತ್ರೆಗಳಲ್ಲಿ ಸಿಗಲೇಬೇಕು. ಆದರೆ ಅವು ದುಬಾರಿ, ಎಲ್ಲ ಗಾಯಕ್ಕೂ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೈಗೆ ನಾಳೆಯೂ ಸಿಗುವುದು ಹತ್ತಿ ಮತ್ತು ಗಾಝ್.

ಗಾಯದ ಬಟ್ಟೆಯನ್ನು ಔಷಧ ನಿಯಮಗಳ ಎಫ್-2 ಅನುಸೂಚಿ ಎಂದೋ ಗುಣಮಟ್ಟದ ಚೌಕಟ್ಟಿಗೆ ತಂದಿದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಯಲ್ಲಿವೆ. ಹೊಸ ಕಾನೂನು ಬೇಕಿಲ್ಲ. ಆರೋಗ್ಯ ಇಲಾಖೆ ಮುಂದಿನ ಟೆಂಡರಿನಲ್ಲಿ ಬ್ಯಾಚುವಾರು ಪರೀಕ್ಷೆಯ ಷರತ್ತು ಸೇರಿಸಲಿ, ಫಲಿತಾಂಶವನ್ನು ಜಾಲತಾಣದಲ್ಲಿ ಹಾಕಲಿ, ಮುಳುಗದ ಹತ್ತಿಯನ್ನು ಕಳಿಸಿದವರಿಗೇ ವಾಪಸು ಕಳಿಸಲಿ.