ಬರಿದಾದ ಗೋದಲಿ

ಧಾರವಾಡ, ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟುತ್ತಾರೆ. ಹದಿನೈದು ದಿನ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮಣ್ಣಿನ ಜೋಡೆತ್ತುಗಳಿಗೂ ಪೂಜೆ ಸಲ್ಲುತ್ತದೆ. ಹಾನಗಲ್ಲಿನ ಬತ್ತದ ಗದ್ದೆಯಾಗಲಿ, ಶಿಗ್ಗಾಂವಿ, ಸವಣೂರುಗಳ ಹೊಲವಾಗಲಿ, ಹಿರೇಕೆರೂರಿನ ಗೋವಿನಜೋಳದ ಬೆಳೆಯಾಗಲಿ, ದನಕರುಗಳ ಹಂಗಿಲ್ಲದೆ ನಡೆದು ಬಂದುದಲ್ಲ.

2022ರಲ್ಲಿ ಈ ನಾಡಿನ ಕೊಟ್ಟಿಗೆಗಳಿಗೆ ಚರ್ಮಗಂಟು ರೋಗವೆಂಬ ವಿಪತ್ತು ಒದಗಿತು. ನೊಣ, ಸೊಳ್ಳೆ, ಉಣ್ಣೆಗಳು ಹರಡುವ ಈ ವಿಷಾಣು ರೋಗದಲ್ಲಿ ರಾಸಿಗೆ ಜ್ವರವೇರಿ, ಮೈತುಂಬ ಗಂಟುಗಳೆದ್ದು, ಹಾಲು ಬತ್ತುತ್ತದೆ. ರಾಜ್ಯದಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದಾಗಿತ್ತು. ಆಡಿನ ಸಿಡುಬಿಗೆಂದು ಸಿದ್ಧವಾಗಿದ್ದ ಲಸಿಕೆಯನ್ನೇ ದನಗಳಿಗೂ ಚುಚ್ಚಲಾಯಿತು. ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳ ಪರಿಹಾರವನ್ನು ರಾಜ್ಯ ಸರ್ಕಾರ ಘೋಷಿಸಿತು.

ಇದು ಉಪಕಾರವೇ ಸರಿ. ಆದರೆ ಅದೇ ವರ್ಷ ಕೇಂದ್ರ ಸರ್ಕಾರ ಪ್ರಕೃತಿ ವಿಕೋಪಗಳಿಗೆ ಗೊತ್ತುಪಡಿಸಿದ ದರಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಹೈನಿನ ಹಸು, ಎಮ್ಮೆಗೆ 37,500, ದುಡಿಯುವ ಎತ್ತಿಗೆ 32,000, ಕರುವಿಗೆ 20,000. ವರದೆಯ ನೆರೆಯಲ್ಲಿ ಕೊಚ್ಚಿಹೋದ ಕರುವಿಗೊಂದು ಬೆಲೆ, ಜ್ವರದಿಂದ ನರಳಿ ಸತ್ತ ಕರುವಿಗೆ ಅದರ ಕಾಲುಭಾಗ! ಕರು ಸತ್ತದ್ದು ನೀರಿನಿಂದಲೋ ನೊಣದಿಂದಲೋ ಎಂಬುದರಿಂದ ಒಡೆಯನ ನಷ್ಟದಲ್ಲಿ ಯಾವ ವ್ಯತ್ಯಾಸವೂ ಆಗದು. ಹೆಣ್ಣುಗರುವೆಂದರೆ ಬಡವನ ನಾಳಿನ ಹೈನು. ಅದಕ್ಕೆ 5,000 ರೂಪಾಯಿ ಕಟ್ಟಿದ ಲೆಕ್ಕ ನ್ಯಾಯವೆನಿಸುವುದಿಲ್ಲ.

ಬೊಕ್ಕಸಕ್ಕೂ ಮಿತಿಯಿದೆ, ರೋಗ ಸಾವಿರಾರು ಕೊಟ್ಟಿಗೆಗಳಿಗೆ ಹಬ್ಬಿದಾಗ ದರ ಇಳಿಯಲೇಬೇಕು ಎಂದು ವಾದಿಸುವವರುಂಟು. ಆ ಮಾತನ್ನು ತಳ್ಳಿಹಾಕಲಾಗದು. ಆದರೂ ನೆರೆಯ ಪರಿಹಾರದಲ್ಲಿ ಒಂದು ಕುಟುಂಬಕ್ಕೆ ಮೂರು ದೊಡ್ಡ ಹೈನುರಾಸುಗಳೆಂಬ ಮಿತಿಯಿರುವಂತೆ, ಇಲ್ಲಿಯೂ ದರವನ್ನು ಕುಗ್ಗಿಸದೆ ಸಂಖ್ಯೆಗೆ ಮಿತಿ ಹಾಕಬಹುದಿತ್ತು. ಒಂದೇ ಹಸುವಿನ ಮನೆಗೆ ಅದರಿಂದ ಬಾಧೆಯಿಲ್ಲ.

ಇನ್ನು ರೋಗದಿಂದ ಬದುಕುಳಿದ ರಾಸುಗಳ ಮಾತು. ಸತ್ತದ್ದಕ್ಕೆ ಮಾತ್ರ ಪರಿಹಾರವೆಂದಾಗ, ತಿಂಗಳುಗಟ್ಟಲೆ ಹಾಲು ಕೊಡದೆ ನಿಂತ ಹಸು ಯಾವ ಪಟ್ಟಿಗೂ ಸೇರುವುದಿಲ್ಲ. ಅದಕ್ಕೆ ಹಿಂಡಿ ಬೇಕು, ಹೊಟ್ಟು ಬೇಕು, ಔಷಧ ಬೇಕು. ಡೇರಿಗೆ ಹಾಲು ಹಾಕಿ ಮನೆ ನಡೆಸುತ್ತಿದ್ದ ಹೆಣ್ಣುಮಗಳಿಗೆ ಬಟವಾಡೆಯ ದಿನ ಬರಿಗೈ. ಒಂದು ವೇಳೆ ಹಣದ ನೆರವು ಸಾಧ್ಯವಾಗದಿದ್ದರೆ, ಅಂಥ ರಾಸುಗಳಿಗೆ ಕೆಲವು ಕಾಲ ಪಶು ಆಹಾರವನ್ನಾದರೂ ಒದಗಿಸುವುದು ಸರ್ಕಾರದ ಶಕ್ತಿಗೆ ಮೀರಿದ ಕಾರ್ಯವಲ್ಲ.

ಹಣವೂ ತಡವಾಗಕೂಡದು. ಜೋಡಿಯಲ್ಲಿ ಒಂದು ಎತ್ತು ಸತ್ತರೆ ಉಳಿದದ್ದು ನೊಗಕ್ಕೆ ಬಾರದು. ಅದರ ಎತ್ತರಕ್ಕೆ, ನಡಿಗೆಗೆ ಹೊಂದುವ ಇನ್ನೊಂದನ್ನು ಸಂತೆಸಂತೆಗಳಲ್ಲಿ ಹುಡುಕಬೇಕು. ಹಿಂಗಾರಿಯ ಬಿತ್ತನೆಗೆ ಹದ ಬಂದ ನೆಲವಂತೂ ಕಚೇರಿಯ ಕಾಗದ ಮುಗಿಯುವವರೆಗೆ ತೇವ ಹಿಡಿದು ಕಾಯುವುದಿಲ್ಲ.