ದೂರು ಕೊಡುವುದು ಯಾರಿಗೆ?

ನಮ್ಮ ಬೀದಿಯ ಹಿರಿಯರೊಬ್ಬರು ಈಚೆಗೆ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗಿಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆ. ಶುಲ್ಕ, ಬ್ಯಾಂಕ್ ಸಾಲ, ಆರೋಗ್ಯ ವಿಮೆ, ಹಾಸ್ಟೆಲಿನಲ್ಲಿ ಅನ್ನ-ಸಾರು ಮಾಡಿಕೊಳ್ಳಲು ಒಲೆ ಇದೆಯೋ ಇಲ್ಲವೋ ಎಲ್ಲವನ್ನೂ ವಿಚಾರಿಸಿ ಡೈರಿಯಲ್ಲಿ ಬರೆದುಕೊಂಡಿದ್ದರು. ‘ಇನ್ನೇನಾದರೂ ಕೇಳುವುದು ಉಳಿದಿದೆಯೇ?’ ಎಂದರು.

ಉಳಿದಿದೆ ಎಂದೆ. ‘ಅಲ್ಲಿ ಇವಳಿಗೆ ಒಬ್ಬ ಸಹಪಾಠಿಯಿಂದ ತೊಂದರೆಯಾಯಿತು ಅನ್ನಿ. ಅವನು ಇಡೀ ಊರೇ ಹೊತ್ತು ಮೆರೆಸುವ ಆಟಗಾರ. ಆಗ ಇವಳು ದೂರು ಕೊಡುವುದು ಯಾರಿಗೆ?’

ತಂದೆ ಕಸಿವಿಸಿಗೊಂಡರು. ಮಗಳು ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದೇ ಟೆಕ್ಸಾಸಿನ ವೇಕೋ ಎಂಬ ಊರಿನಲ್ಲಿ ಬೇಲರ್ ವಿಶ್ವವಿದ್ಯಾಲಯವಿದೆ. 1845ರಲ್ಲಿ ಬ್ಯಾಪ್ಟಿಸ್ಟ್ ಕ್ರೈಸ್ತರು ಸ್ಥಾಪಿಸಿದ್ದು. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟ, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ, ಆ ರಾಜ್ಯದಲ್ಲಿ ಎರಡನೆಯ ಧರ್ಮವಿದ್ದಂತೆ. ಬೇಲರ್ ತಂಡ ಬಹುಕಾಲ ಸೋಲುವುದಕ್ಕೇ ಹೆಸರಾಗಿತ್ತು. 2008ರಲ್ಲಿ ಆರ್ಟ್ ಬ್ರೈಲ್ಸ್ ಎಂಬ ಕೋಚ್ ಬಂದ ಮೇಲೆ ಅದರ ದೆಸೆ ತಿರುಗಿತು. 2011ರಲ್ಲಿ ಅಲ್ಲಿನ ಆಟಗಾರನಿಗೆ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಬಂತು. 2014ರಲ್ಲಿ ನದಿಯ ದಂಡೆಯ ಮೇಲೆ 26 ಕೋಟಿ ಡಾಲರಿಗೂ ಮಿಕ್ಕಿದ ವೆಚ್ಚದಲ್ಲಿ ಹೊಸ ಕ್ರೀಡಾಂಗಣ ಎದ್ದಿತು. ಒಂದು ಕಾಲೇಜಿನ ಆಟದ ಮೈದಾನಕ್ಕೆ!

ಇದೇ ವರ್ಷಗಳಲ್ಲಿ ತಂಡದ ಕೆಲವು ಆಟಗಾರರ ಮೇಲೆ ವಿದ್ಯಾರ್ಥಿನಿಯರು ಅತ್ಯಾಚಾರದ ದೂರು ಹೇಳುತ್ತ ಬಂದಿದ್ದರು. ಒಬ್ಬನಿಗೆ 2014ರ ಜನವರಿಯಲ್ಲಿ 20 ವರ್ಷ ಸೆರೆಮನೆಯಾಯಿತು. ಇನ್ನೊಬ್ಬನನ್ನು 2015ರ ಆಗಸ್ಟ್‌ನಲ್ಲಿ ಜ್ಯೂರಿ ತಪ್ಪಿತಸ್ಥನೆಂದಿತು. ಆ ತೀರ್ಪಿನ ಮೇಲ್ಮನವಿಗಳು ಬಹಳ ವರ್ಷ ಎಳೆದಾಡಿದವು, ಅದು ಬೇರೆ ಮಾತು. ಜನರನ್ನು ಬೆಚ್ಚಿಬೀಳಿಸಿದ್ದು ಆ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ: ಅದೇ ದೂರನ್ನು ವಿಶ್ವವಿದ್ಯಾಲಯ ಮೊದಲೇ ವಿಚಾರಿಸಿ, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಕಡತವನ್ನು ಕಟ್ಟಿಟ್ಟಿತ್ತು.

ಪೊಲೀಸರಿರುವಾಗ ವಿಶ್ವವಿದ್ಯಾಲಯ ಯಾಕೆ ವಿಚಾರಿಸಬೇಕು ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 1972ರ ಕಾನೂನೊಂದಿದೆ, ‘ಟೈಟಲ್ ನೈನ್’ ಎಂದೇ ಪ್ರಸಿದ್ಧ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯಲ್ಲೂ ಹೆಣ್ಣು-ಗಂಡೆಂಬ ಭೇದದಿಂದ ಯಾರ ಓದಿಗೂ ಅಡ್ಡಿಯಾಗಬಾರದು ಎನ್ನುತ್ತದೆ ಅದು. ತನ್ನ ಮೇಲೆ ಕೈಮಾಡಿದವನು ಎದುರು ಬೆಂಚಿನಲ್ಲೇ ಕೂತಿದ್ದರೆ ಹುಡುಗಿ ಓದುವುದು ಹೇಗೆ? ಆದ್ದರಿಂದ ಪೊಲೀಸ್ ಮೊಕದ್ದಮೆ ಏನೇ ಆಗಲಿ, ಸಂಸ್ಥೆ ತನ್ನ ಮಟ್ಟಿನ ವಿಚಾರಣೆ ನಡೆಸಲೇಬೇಕೆಂದು 2011ರಲ್ಲಿ ಶಿಕ್ಷಣ ಇಲಾಖೆ ಒತ್ತಿ ಹೇಳಿತು. ಇದಕ್ಕಾಗಿಯೇ ಪ್ರತಿ ಸಂಸ್ಥೆಯಲ್ಲೂ ಒಬ್ಬ ಅಧಿಕಾರಿ ಇರಬೇಕು. ಬೇಲರ್‌ನಲ್ಲಿ ಆ ಕೆಲಸಕ್ಕೆ ಪೂರ್ಣಾವಧಿಯ ಅಧಿಕಾರಿ ಬಂದದ್ದು 2014ರ ಕೊನೆಗೆ. ಹೊಸ ಮೈದಾನದಲ್ಲಿ ಅಷ್ಟರಲ್ಲಿ ಪಂದ್ಯಗಳು ಶುರುವಾಗಿದ್ದವು.

ಗದ್ದಲ ಜೋರಾದಾಗ ಆಡಳಿತ ಮಂಡಳಿ ಹೊರಗಿನ ವಕೀಲರ ಸಂಸ್ಥೆಯೊಂದಕ್ಕೆ ತನಿಖೆ ಒಪ್ಪಿಸಿತು. 2016ರ ಮೇ 26ರಂದು ಅದರ ಸಾರಾಂಶ ಪ್ರಕಟವಾಯಿತು. ಹದಿಮೂರೇ ಪುಟ. ಪೂರ್ಣ ವರದಿಯನ್ನು ಬರಹದಲ್ಲಿ ಪಡೆಯದೆ ಬಾಯಿಮಾತಿನಲ್ಲಿ ಕೇಳಿಸಿಕೊಂಡರಂತೆ, ಅದೂ ಒಂದು ಜಾಣತನವೇ. ಆ ಹದಿಮೂರು ಪುಟಗಳಲ್ಲಿ ಒಂದು ಮಾತನ್ನು ತಂದೆತಾಯಂದಿರು ಎರಡು ಸಲ ಓದಬೇಕು. ಕೆಲವು ಪ್ರಕರಣಗಳಲ್ಲಿ ಫುಟ್‌ಬಾಲ್ ಕೋಚ್‌ಗಳು ಅಥವಾ ಅವರ ಸಿಬ್ಬಂದಿ ದೂರು ಕೊಟ್ಟ ಹುಡುಗಿಯನ್ನೋ ಅವಳ ತಂದೆಯನ್ನೋ ತಾಯಿಯನ್ನೋ ತಾವೇ ಭೇಟಿಯಾದರು, ಮಾತು ಕೇಳಿಸಿಕೊಂಡರು, ಆಮೇಲೆ ಅದನ್ನು ಕ್ರೀಡಾ ವಿಭಾಗದಿಂದಾಚೆ ಯಾರಿಗೂ ತಿಳಿಸಲಿಲ್ಲ. ಆ ತಾಯಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ದೊಡ್ಡವರು ಕೂರಿಸಿ ಮಾತಾಡಿಸಿದರಲ್ಲ, ಇನ್ನು ಕ್ರಮ ಕೈಗೊಳ್ಳುತ್ತಾರೆ ಎಂದುಕೊಂಡು ಮನೆಗೆ ಹೋಗಿರುತ್ತಾಳೆ. ಆಕೆಯ ಮಾತು ಕೇಳಿದವರಿಗೆ ಬರುವ ಶನಿವಾರದ ಪಂದ್ಯಕ್ಕೆ ಅದೇ ಹುಡುಗ ಬೇಕಾಗಿದ್ದಾನೆ!

ಇನ್ನೊಂದು ವಿಷಯ ನನ್ನನ್ನೇ ಚುಚ್ಚಿತು. ಬೇಲರ್‌ನ ಶಿಸ್ತಿನ ನಿಯಮಗಳು ಬಲು ಕಟ್ಟುನಿಟ್ಟು. ಮದ್ಯ ಕೂಡದು, ಮದುವೆಗೆ ಮುಂಚೆ ಸಂಬಂಧ ಕೂಡದು. ಇಂಥ ನಿಯಮ ಓದಿದರೆ ಹೆತ್ತವರಿಗೆ ಎಷ್ಟು ಸಮಾಧಾನ! ನನಗೂ ಆಗುತ್ತಿತ್ತು. ಆದರೆ ಪಾರ್ಟಿಯಲ್ಲಿ ಒಂದು ಲೋಟ ಕುಡಿದಿದ್ದ ಹುಡುಗಿಯ ಮೇಲೆ ದೌರ್ಜನ್ಯ ನಡೆದರೆ ಅವಳು ಬಾಯಿ ಬಿಡುವುದು ಹೇಗೆ? ದೂರು ಕೊಟ್ಟರೆ ಮೊದಲು ತನಗೇ ಶಿಕ್ಷೆ, ಮನೆಗೆ ಕಾಗದ. ಮಗಳನ್ನು ಕಾಯಲೆಂದು ಹಾಕಿದ ಬೇಲಿಯೇ ಅವಳ ಬಾಯಿ ಕಟ್ಟಿತ್ತು. ದೂರುದಾರರಿಗೆ ಇಂಥ ತಪ್ಪುಗಳಿಗೆ ಶಿಕ್ಷೆಯಿಲ್ಲ ಎಂಬ ನಿಯಮವನ್ನು ಬೇಲರ್ ಸೇರಿಸಿದ್ದು ಇಷ್ಟೆಲ್ಲ ಆದ ನಂತರ.

ಕೋಚ್‌ನನ್ನು ತೆಗೆದುಹಾಕಿದರು. ಒಪ್ಪಂದದ ಲೆಕ್ಕದಲ್ಲಿ ಅವರಿಗೆ ಒಂದೂವರೆ ಕೋಟಿ ಡಾಲರಿನಷ್ಟು ಹಣ ಸಂದಾಯವಾಯಿತು. ವಿಶ್ವವಿದ್ಯಾಲಯದ ಅಧ್ಯಕ್ಷರೂ ಸ್ಥಾನ ಕಳೆದುಕೊಂಡರು. ಯಾರು ಗೊತ್ತೇ? ಕೆನೆತ್ ಸ್ಟಾರ್. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಖಾಸಗಿ ಬದುಕನ್ನು ಜಾಲಾಡಿ ವರದಿ ಬರೆದಿದ್ದ ಅದೇ ಮಹಾಶಯರು.

ಆದರೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು, ಗಂಡುಮಕ್ಕಳ ತಂದೆತಾಯಂದಿರೂ ಈ ಅಂಕಣ ಓದುತ್ತಾರೆ. ಜಾಳಿಗೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದೆಸೆಯುವ ಲಕ್ರಾಸ್ ಎಂಬ ಆಟವುಂಟು. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ತಂಡದ ಮೂವರ ಮೇಲೆ ಅತ್ಯಾಚಾರದ ಆರೋಪ ಬಂತು. ಆಡಳಿತ ಗಾಬರಿಯಾಗಿ ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ರದ್ದು ಮಾಡಿತು, ಕೋಚ್‌ನಿಂದ ರಾಜೀನಾಮೆ ಪಡೆಯಿತು. 2007ರ ಏಪ್ರಿಲ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಆ ಮೂವರೂ ನಿರಪರಾಧಿಗಳೆಂದು ಘೋಷಿಸಿದರು. ಸಾಕ್ಷ್ಯ ಮುಚ್ಚಿಟ್ಟ ಸರ್ಕಾರಿ ವಕೀಲನ ಸನ್ನದೇ ಹೋಯಿತು. ಬೇಲರ್‌ನವರು ಗ್ಯಾಲರಿಯ ಚಪ್ಪಾಳೆ ಕೇಳಿ ಸುಮ್ಮನಿದ್ದರು, ಡ್ಯೂಕ್‌ನವರು ಬೀದಿಯ ಕೂಗಿಗೆ ಬೆದರಿ ಓಡಿದರು. ಎರಡು ಕಡೆಯೂ ಯಾರೂ ಸಾವಧಾನವಾಗಿ ಕೂತು ಸಾಕ್ಷ್ಯ ನೋಡಲಿಲ್ಲ.

ಹಾಗಾದರೆ ಕಾಲೇಜು ಕ್ರೀಡೆಗಳನ್ನು ಆಳುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಏನು ಮಾಡಿತು? 2021ರ ಆಗಸ್ಟ್‌ನಲ್ಲಿ ಅದರ ಸಮಿತಿ ಬೇಲರ್ ಬಗ್ಗೆ ತೀರ್ಪು ಕೊಟ್ಟಿತು. ಆಟಗಾರರಿಗೆ ಬೇರೆ ವಿದ್ಯಾರ್ಥಿಗಳಿಗಿಲ್ಲದ ವಿಶೇಷ ಸವಲತ್ತು ಕೊಟ್ಟಿದ್ದರೆ ಅದು ಸಂಸ್ಥೆಯ ನಿಯಮಕ್ಕೆ ವಿರುದ್ಧ. ಆದರೆ ಬೇಲರ್‌ನಲ್ಲಿ ಇಂಥ ದೂರುಗಳನ್ನು ಮೇಲೆ ತಿಳಿಸದಿರುವುದು ಕ್ರೀಡಾ ವಿಭಾಗದಲ್ಲಷ್ಟೇ ಅಲ್ಲ, ಆವರಣದ ಉದ್ದಗಲಕ್ಕೂ ಇತ್ತು. ಆದ್ದರಿಂದ ಇದನ್ನು ಆಟಗಾರರಿಗೆ ತೋರಿಸಿದ ವಿಶೇಷ ಪಕ್ಷಪಾತ ಎನ್ನಲಾಗದು! ಬೇರೆ ಸಣ್ಣಪುಟ್ಟ ಉಲ್ಲಂಘನೆಗಳಿಗೆ ನಾಲ್ಕು ವರ್ಷ ಪರಿವೀಕ್ಷಣೆ, ಐದು ಸಾವಿರ ಡಾಲರ್ ದಂಡ. ನನ್ನ ಲೆಕ್ಕದಲ್ಲಿ ಇದು ತೀರ್ಪಲ್ಲ, ಕೈತೊಳೆದುಕೊಂಡದ್ದು. 2023ರಲ್ಲಿ ವೇಕೋದ ಕೇಂದ್ರ ನ್ಯಾಯಾಲಯದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರ ದಾವೆಯಲ್ಲಿ ಜ್ಯೂರಿ ವಿಶ್ವವಿದ್ಯಾಲಯದ ನಿರ್ಲಕ್ಷ್ಯವನ್ನು ಎತ್ತಿಹಿಡಿದು 2 ಲಕ್ಷ 70 ಸಾವಿರ ಡಾಲರ್ ಪರಿಹಾರ ಕೊಡಿಸಿತು. ಕೋಚ್ ಮೇಲಿನ ಆಪಾದನೆಗಳನ್ನು ನ್ಯಾಯಾಧೀಶರು ಆ ದಾವೆಯಲ್ಲಿ ಕೈಬಿಟ್ಟರು.

ಇಷ್ಟು ಕೇಳಿದ ಮೇಲೆ ನಮ್ಮ ಹಿರಿಯರು ಡೈರಿ ತೆಗೆದು ‘ಟೈಟಲ್ ನೈನ್ ಅಧಿಕಾರಿ: ಹೆಸರು, ಫೋನ್’ ಎಂದು ಬರೆದುಕೊಂಡರು. ಅಧ್ಯಾಪಕರಿಗೆ, ವಾರ್ಡನ್‌ಗೆ, ಕೋಚ್‌ಗೆ ಹೇಳಿದರೆ ಮುಗಿಯಲಿಲ್ಲ, ಆ ಕಚೇರಿಗೇ ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಬೇಕು ಎಂದೆ. ಅದನ್ನೂ ಬರೆದುಕೊಂಡರು.

ಮಗಳು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ‘ಅಪ್ಪಾ, ನಾನೂ ಒಂದು ಲೋಟ ಬಿಯರ್ ಕುಡಿದಿದ್ದೆ ಅಂತಿಟ್ಟುಕೊಳ್ಳಿ. ಆಗ ನಿಮಗೆ ಫೋನ್ ಮಾಡಬಹುದಾ?’ ಎಂದಳು.

ಪೆನ್ನಿನ ಮುಚ್ಚಳ ಹಾಕುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ‘ಮಾಡಮ್ಮ. ಅಲ್ಲಿ ರಾತ್ರಿಯಾದರೆ ನಮಗೆ ಇಲ್ಲಿ ಬೆಳಕಾಗಿರುತ್ತದೆ’ ಎಂದರು.